ತಪ್ಪು ಆಮೆಯದಲ್ಲ

ಆಮೆಯ ಪೆಟ್ಟಿಗೆಯಿಂದ ಹೊಗೆ ಏಳುತ್ತಿತ್ತು. ಅದನ್ನು ಬೆಚ್ಚಗಿಡಲು ಅಂಚಿಗೆ ಕ್ಲಿಪ್ ಹಾಕಿ ಸಿಕ್ಕಿಸಿದ್ದ ದೀಪ ಜಾರಿ ಒಣಹುಲ್ಲಿನ ಮೇಲೆ ಬಿದ್ದಿತ್ತು. ಓಡಿಹೋಗಿ ಪ್ಲಗ್ ಕಿತ್ತೆ, ಆಮೆಯನ್ನು ಎತ್ತಿಕೊಂಡೆ, ಆಮೇಲೆ ಹುಲ್ಲಿಗೆ ನೀರು ಸುರಿದೆ. ಪುಣ್ಯಕ್ಕೆ ಆಮೆಗೇನೂ ಆಗಿರಲಿಲ್ಲ.

ಇಲ್ಲೇ ಅಡ್ಯಾರಿನಲ್ಲಿ ನಲವತ್ತು ವರ್ಷ ಕಳೆದ ನನ್ನ ಅತ್ತೆ ಬಾಗಿಲಲ್ಲೇ ನಿಂತು ಗದರಿದರು: "ಆಮೆ ಹೊಕ್ಕ ಮನೆ ಉದ್ಧಾರ ಆಗುದಿಲ್ಲ ಅಂತ ಇಲ್ಲಿಯ ಜನ ಸುಮ್ನೆ ಹೇಳ್ತಾರಾ? ಇವತ್ತೇ ಯಾರಿಗಾದ್ರೂ ಕೊಟ್ಟುಬಿಡು."

ಅತ್ತೆಗೆ ನಾನು ಎಂದೂ ಎದುರಾಡಿದವಳಲ್ಲ. ಅಂದು ಆಡಿದೆ. "ತಪ್ಪು ಅದರದ್ದಲ್ಲ ಅತ್ತೆ, ನಂದು. ಬರೀ ಕ್ಲಿಪ್ ನಂಬಿ ಕೂತದ್ದು ನಾನು. ಇದನ್ನು ಮಾತ್ರ ಕೊಡುದಿಲ್ಲ."

ಸಂಜೆಯೊಳಗೆ ಬಲ್ಬಿಗೆ ಶಾಖ ತಾಳುವ ಪಿಂಗಾಣಿ ಹೋಲ್ಡರ್ ತಂದು, ದೀಪವನ್ನು ಕಬ್ಬಿಣದ ಸರಪಳಿಯಿಂದ ಚಾವಣಿಯ ಕೊಂಡಿಗೆ ತೂಗುಹಾಕಿಸಿದೆ. ಸುತ್ತ ತಂತಿಬಲೆ ಕಟ್ಟಿಸಿ, ಕೆಳಗೆ ಹುಲ್ಲಿನ ಬದಲು ಕಲ್ಲುಚಪ್ಪಡಿ ಹಾಸಿ, ಶಾಖ ಅಳೆಯಲು ಥರ್ಮಾಮೀಟರ್ ಇಟ್ಟೆ.

ಈಗ ದಿನವೂ ಸರಪಳಿಯನ್ನು ಜಗ್ಗಿ ನೋಡಿದ ಮೇಲೆಯೇ ಸ್ವಿಚ್ ಒತ್ತುತ್ತೇನೆ. ನನ್ನ ಅಜಾಗರೂಕತೆಗೆ ಅಪಶಕುನವೆಂದು ಹೆಸರಿಟ್ಟು ಒಂದು ಮೂಕಜೀವಿಯನ್ನು ಹೊರಹಾಕಲು ಇನ್ನು ಯಾರು ಹೇಳಿದರೂ ನಾನು ಕೇಳುವವಳಲ್ಲ.