ಶಿವಬಸಮ್ಮ ಬೇಡವೆನ್ನಲಾರದ ಕಾಫಿ

ಸುದ್ದಗುಂಟೆಪಾಳ್ಯದ ಗಲ್ಲಿಗೆ ಹಾಲಿನವನಿಗಿಂತ ಮೊದಲೇ ಶಿವಬಸಮ್ಮನವರ ಸ್ಕೂಟರ್ ಬಂದು ನಿಲ್ಲುತ್ತದೆ. ಅವರ ಬಗ್ಗೆ ಬರೆಯಲು ಇವತ್ತು ನಾನೂ ಜೊತೆಗೆ ಬಂದಿದ್ದೇನೆ. ಮನೆಯೊಳಗೆ ಚಿಕ್ಕಬೈರಪ್ಪ ಆಗಲೇ ತೋಳು ಮಡಚಿ ಕುಳಿತಿದ್ದಾರೆ. ಮೂರು ತಿಂಗಳಿಗೊಮ್ಮೆ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಅವರ ರಕ್ತ ತೆಗೆದು ಲ್ಯಾಬಿಗೆ ಒಯ್ಯುವುದು ಈಕೆಯ ಕೆಲಸ.

"ಎರಡು ದಿನದಿಂದ ಬರೀ ಮುದ್ದೆ, ಸೊಪ್ಪು ಕಣಮ್ಮ. ಈ ಸಲ ರಿಪೋರ್ಟು ನೋಡು, ಹೆಂಗ್ ಬರುತ್ತೆ!" ಎಂದು ಅವರು ಬೀಗುತ್ತಾರೆ.

ಶಿವಬಸಮ್ಮ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಾ ನಗುತ್ತಾರೆ. "ಅಂಕಲ್, ಇದು ಮೂರು ತಿಂಗಳದ್ದು ಒಟ್ಟಿಗೆ ಹೇಳುತ್ತೆ. ಇದರ ಮುಂದೆ ನಾಟಕ ನಡೆಯಲ್ಲ." ಅದೇನು ಕೈಗುಣವೋ, ಸೂಜಿ ಚುಚ್ಚಿದ್ದು ಅವರಿಗೆ ಗೊತ್ತೇ ಆಗುವುದಿಲ್ಲ.

ತಿಪಟೂರಿನಿಂದ ಬನಶಂಕರಿಗೆ ಸೊಸೆಯಾಗಿ ಬಂದವರು. ಗಂಡನ ಕೆಲಸ ಹೋದಾಗ ನರ್ಸಿಂಗ್ ಹೋಮಿಗೆ ಆಯಾ ಆಗಿ ಸೇರಿ, ರಕ್ತ ತೆಗೆಯುವುದನ್ನು ಕಲಿತರು. ಈಗ ಜಯನಗರದ ಲ್ಯಾಬೊಂದಕ್ಕೆ ದಿನಕ್ಕೆ ಹತ್ತು ಹನ್ನೆರಡು ಮನೆ. ಬೀದಿನಾಯಿ, ಕೆಟ್ಟು ನಿಂತ ಲಿಫ್ಟು, "ಇಷ್ಟೊಂದು ರಕ್ತ ಯಾಕೆ" ಎಂಬ ಗೊಣಗಾಟ, ಇವೆಲ್ಲ ಇದ್ದದ್ದೇ. ಆಕೆಗೆ ನಿಜವಾಗಿ ಕಷ್ಟವಾಗುವುದು ಕಾಫಿ.

ಸಕ್ಕರೆ ಬಿಟ್ಟ ಮನೆಯವರಿಗೆ ಬಂದವರಾದರೂ ಸಿಹಿ ಕುಡಿಯಲಿ ಎಂಬ ಆಸೆ. ಪಾಪ, ಪ್ರೀತಿಯಿಂದಲೇ ಎರಡು ಚಮಚ ಸುರಿದು ಕೈಗಿಡುತ್ತಾರೆ. ಶಿವಬಸಮ್ಮ ಮನೆಮನೆಯಲ್ಲೂ ಕುಡಿಯುತ್ತಾರೆ. ಆಕೆಗೂ ಸಕ್ಕರೆ ಕಾಯಿಲೆ ಇದೆ ಎಂದು ಈ ಮನೆಗಳಲ್ಲಿ ಯಾರಿಗೂ ಗೊತ್ತಿಲ್ಲ; ಗಂಡನ ಹೊರತು ಯಾರಿಗೂ ಆಕೆ ಹೇಳಿರಲಿಲ್ಲ.

"ಬೇಡ ಅಂದ್ರೆ ಯಾಕೆ ಅಂತಾರೆ ಸಾರ್. ಊರಿಗೆಲ್ಲ ಬುದ್ಧಿ ಹೇಳೋಳು ನಾನು. ನನ್ನ ಮೈಯೇ ನೆಟ್ಟಗಿಲ್ಲ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದು ಇಂದು ಬರುವ ದಾರಿಯಲ್ಲಿ ನನ್ನ ಬಳಿ ಹೇಳಿಕೊಂಡರು.

ತಮ್ಮ ಲ್ಯಾಬಿನವರಿಗೂ ತಿಳಿಯಬಾರದೆಂದು ಸಿದ್ದಾಪುರದ ಬೇರೊಂದು ಲ್ಯಾಬಿಗೆ ಕದ್ದು ಹೋಗಿ ರಕ್ತ ಕೊಡುತ್ತಾರೆ. ಏಳರ ಆಸುಪಾಸಿನಲ್ಲಿರಬೇಕಾದ ಮೂರು ತಿಂಗಳ ಸಕ್ಕರೆಯ ಅಂಕಿ ಕಳೆದ ವಾರ ಹತ್ತು ದಾಟಿತ್ತು. ಅಲ್ಲಿನ ಹುಡುಗಿ, "ಆಂಟಿ, ಕಾಫಿಗೆ ಸಕ್ಕರೆ ಹಾಕ್ಕೋತೀರಾ?" ಎಂದು ಕೇಳಿದಳಂತೆ. ಈಕೆ ಇಲ್ಲವೆಂದು ತಲೆಯಾಡಿಸಿದರಂತೆ. ದಿನವೂ ತಾವೇ ಕೇಳುವ ಪ್ರಶ್ನೆ, ದಿನವೂ ಕೇಳಿಸಿಕೊಳ್ಳುವ ಸುಳ್ಳು! ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಎನ್ನುವಾಗ ಆಕೆಯ ದನಿ ಇಳಿದಿತ್ತು.

ಇಂದೂ ಚಿಕ್ಕಬೈರಪ್ಪನವರ ಹೆಂಡತಿ ಮರಿಯಮ್ಮ ಹಬೆಯಾಡುವ ಲೋಟ ತರುತ್ತಾರೆ. "ತಗೋಮ್ಮ, ನಮಗಂತೂ ಯೋಗ ಇಲ್ಲ. ನೀನಾದ್ರೂ ಕುಡಿ."

ಶಿವಬಸಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ನೋಟ ನೆಲದ ಮೇಲಿದೆ. "ಸಕ್ಕರೆ ಬೇಡ ಆಂಟಿ. ನನಗೂ ಇದೆ."

"ಅಯ್ಯೋ ನನ್ನ ಕಂದ, ಇಷ್ಟು ದಿನ ನಾನೇ ಸುರ್ದು ಸುರ್ದು ಕೊಟ್ನಲ್ಲೇ!" ಎಂದು ಮರಿಯಮ್ಮ ಲೋಟ ಕೆಳಗಿಡುತ್ತಾರೆ. ಚಿಕ್ಕಬೈರಪ್ಪ, "ನಾನೂ ಹೇಳ್ಬಿಡ್ತೀನಿ. ಮೊನ್ನೆವರೆಗೂ ದಿನಾ ಬೇಕರಿಗೆ ಹೋಗ್ತಿದ್ದೆ" ಎನ್ನುತ್ತಾರೆ. "ಗೊತ್ತಿತ್ತು ಅಂಕಲ್" ಎಂದು ಶಿವಬಸಮ್ಮ ಮೆಲ್ಲಗೆ ಹೇಳುತ್ತಾರೆ.

ಹೊರಗೆ ಐಸ್ ಬಾಕ್ಸನ್ನು ಸ್ಕೂಟರಿಗೆ ಬಿಗಿಯುವಾಗ ಆಕೆಯ ಮುಖ ಇನ್ನೂ ಕೆಂಪಗಿದೆ. "ಮುಂದಿನ ಸಲ ನನ್ನ ರಕ್ತಾನೂ ನಮ್ಮ ಲ್ಯಾಬಿಗೇ ಕೊಡ್ಬೇಕು ಸಾರ್, ನನ್ನ ಹೆಸರಲ್ಲೇ. ಅದೊಂದೇ ಆಸೆ."

ಹೆಲ್ಮೆಟ್ ಹಾಕಿಕೊಳ್ಳುತ್ತಾರೆ. "ಇವತ್ತಿಗೆ ಇದು ಮೊದಲ್ನೇ ಮನೆ. ಉಳಿದ ಮನೆಗಳಲ್ಲೂ ಬಾಯಿ ಬಿಡ್ಬೇಕಲ್ಲ."