ಪಟ್ಟಿಯಲ್ಲಿಲ್ಲದ ಪ್ರಾಣಿ, ಸುಬ್ಬಿಯ ಥರ್ಮೋಕೋಲ್ ಪೆಟ್ಟಿಗೆ

ಕುಮಟಾ ಸ್ಟೇಷನ್ನಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮುಂಬೈಯಿಂದ ಬಂದ ರೈಲು ಹೋಗಿ ಹತ್ತು ನಿಮಿಷವಾಗಿದೆ. ಸುಬ್ಬಿ ಅಂಬಿಗ ಮಾತ್ರ ಪ್ಲಾಟ್‌ಫಾರ್ಮಿನ ಕಲ್ಲುಬೆಂಚು ಬಿಟ್ಟು ಎದ್ದಿಲ್ಲ. ತೊಡೆಯ ಮೇಲೆ ಬಿಳಿ ಥರ್ಮೋಕೋಲ್ ಪೆಟ್ಟಿಗೆ. ಅದರ ಮುಚ್ಚಳವನ್ನು ಎರಡು ಬೆರಳಷ್ಟು ಸರಿಸಿ, ನೀರು ತುಂಬಿದ ಪ್ಲಾಸ್ಟಿಕ್ ಚೀಲವೊಂದನ್ನು ಮೆಲ್ಲಗೆ ಎತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಾಳೆ.

“ತಂಪಿದೆ. ಆತು,” ಎನ್ನುತ್ತಾಳೆ, ಯಾರಿಗೂ ಅಲ್ಲದೆ.

ಅಷ್ಟರಲ್ಲಿ ರಿಕ್ಷಾದವ ಬಂದು ಪೆಟ್ಟಿಗೆಗೆ ಕೈ ಹಾಕುತ್ತಾನೆ. “ಪೆಟ್ಟಿಗೇಲಿ ಮೀನಾ, ಅಕ್ಕಾ? ಹಿಂದೆ ಇಂಜಿನ್ ಮೇಲೆ ಇಡ್ತೆ, ನೀವು ಆರಾಮ ಕೂತ್ಕಳಿ.”

“ಇಂಜಿನ್ ಮೇಲೆ ಇಟ್ರೆ ಸಾರು ಆತದೆ ಮಾರಾಯ! ಮುಟ್ಟಬೇಡ!” ಸುಬ್ಬಿಯ ದನಿಗೆ ಪ್ಲಾಟ್‌ಫಾರ್ಮಿನ ನಾಯಿ ಎದ್ದು ಕೂರುತ್ತದೆ.

ಚೀಲದೊಳಗೆ ಇರುವುದು ಸಾರಿನ ಮೀನಲ್ಲ, ಮೀನೇ ಅಲ್ಲ. ಹೆಸರು ಆಕ್ಸೊಲಾಟಲ್. ಗೇಣುದ್ದದ, ನಸುಗೆಂಪು ಬಣ್ಣದ, ನಾಲ್ಕು ಪುಟ್ಟ ಕಾಲುಗಳ ಜೀವ. ಕಪ್ಪೆಯ ದೂರದ ಸಂಬಂಧಿ. ಆದರೆ ಕಪ್ಪೆಯ ಹಾಗೆ ದಡ ಹತ್ತದೆ ಆಯುಷ್ಯವಿಡೀ ನೀರಲ್ಲೇ ಕಳೆಯುತ್ತದೆ. ಕಿವಿರುಗಳು ತಲೆಯ ಎರಡೂ ಕಡೆ ಪುಕ್ಕದಂತೆ ಹೊರಗೇ ಚಾಚಿಕೊಂಡಿವೆ. ಮೂಲ ಊರು ಮೆಕ್ಸಿಕೋದ ತಣ್ಣನೆಯ ಕೆರೆ. ಈಗ ಬಂದಿಳಿದಿರುವುದು ಜನವರಿಯಲ್ಲೂ ಮಧ್ಯಾಹ್ನ ಬೆವರಿಳಿಸುವ ನಮ್ಮ ಕರಾವಳಿಗೆ.

“ಇದ್ಕೆ ತಂಪು ಬೇಕು. ನಮ್ಮಲ್ಲಿ ತಂಪು ಎಲ್ಲಿದೆ ಹೇಳಿ? ಆದ್ರೂ ಜನಕ್ಕೆ ಬೇಕು. ಟಿವಿಲಿ ನೋಡಿದ್ರಂತೆ, ನಗ್ತದಂತೆ. ಅದು ನಗೂದಲ್ಲ, ಅದ್ರ ಬಾಯೇ ಹಾಗೆ,” ಎನ್ನುತ್ತಾಳೆ ಸುಬ್ಬಿ.

ನಲವತ್ತಾರರ ಸುಬ್ಬಿ ಅಘನಾಶಿನಿಯವಳು. ಅಳಿವೆಯ ಇಳಿತ ನೋಡಿಕೊಂಡು ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬೆಳೆದವಳು. ನೀರನ್ನು ನಾಲಿಗೆಗೆ ತಾಗಿಸಿ ಉಪ್ಪು ಎಷ್ಟಿದೆ, ಮೇಲಿನಿಂದ ಸಿಹಿನೀರು ಎಷ್ಟು ಇಳಿದಿದೆ ಎಂದು ಹೇಳುತ್ತಿದ್ದಳು. ಕೊಂಕಣ ರೈಲು ಶುರುವಾದ ಮೇಲೆ ಬಳಚಿನ ಬುಟ್ಟಿ ಹೊತ್ತು ಗೋವಾದವರೆಗೂ ಹೋಗಿಬಂದಳು. ಎರಡು ಸಾವಿರದ ಒಂದರಲ್ಲಿ ಅಂಥದ್ದೇ ಒಂದು ಪ್ರಯಾಣದಲ್ಲಿ ಎದುರು ಸೀಟಿನವನ ಚೀಲಗಳಲ್ಲಿ ಬಣ್ಣದ ಮೀನುಗಳು ಹೊಟ್ಟೆ ಮೇಲಾಗಿ ತೇಲುವುದನ್ನು ಕಂಡಳು. ಆತ ಶಿರಾಲಿಯ ವೆಂಕಟ್ರಮಣ. ಫೋಟೊಗೆ ಕಟ್ಟು ಹಾಕುವ ಗಾಜಿನಂಗಡಿಯನ್ನು ಆಗಷ್ಟೇ ಮೀನಿನ ತೊಟ್ಟಿಯ ಅಂಗಡಿ ಮಾಡಿದ್ದ.

“ಚೀಲದ ತುಂಬ ನೀರು ತುಂಬಿದ್ದ. ಉಸಿರಾಡುಕೆ ಗಾಳಿ ಎಲ್ಲಿ? ಸುಮ್ನೆ ಕೂರುಕಾಗ್ಲಿಲ್ಲ, ಬೈದೆ,” ಎಂದು ಸುಬ್ಬಿ ನೆನೆಯುತ್ತಾಳೆ. ಬೈಸಿಕೊಂಡ ವೆಂಕಟ್ರಮಣ ಮುಂದಿನ ತಿಂಗಳು ಅವಳನ್ನೇ ಕೆಲಸಕ್ಕೆ ಕರೆದ. ಅಂದಿನಿಂದ ತಿಂಗಳಿಗೆ ಎರಡು ಸಲ ಮುಂಬೈ. ಒಂದು ಸಲಕ್ಕೆ ಮೂವತ್ತು ನಲವತ್ತು ಮೀನಿನ ಚೀಲ, ಯಾರಾದರೂ ಹೇಳಿದ್ದರೆ ಮಾತ್ರ ಒಂದೋ ಎರಡೋ ಆಕ್ಸೊಲಾಟಲ್.

ಅವಳ ಕ್ರಮ ಕೇಳಿದರೆ ಬಾಣಂತಿಯನ್ನು ಕರೆತರುವಂತಿದೆ. ಹೊರಡುವ ಎರಡು ದಿನ ಮೊದಲೇ ಆಹಾರ ನಿಲ್ಲಿಸಬೇಕು, ಇಲ್ಲದಿದ್ದರೆ ದಾರಿಯಲ್ಲಿ ಹೊಲಸಾಗಿ ನೀರು ಕೆಡುತ್ತದೆ. ಒಂದು ಚೀಲಕ್ಕೆ ಒಂದೇ. ಎರಡಿದ್ದರೆ ಒಂದರ ಕಾಲನ್ನು ಇನ್ನೊಂದು ಕಚ್ಚುತ್ತದೆ. ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಗಾಳಿ. ಪೆಟ್ಟಿಗೆಯೊಳಗೆ ಕತ್ತಲೆ. ಐಸ್ ನೀರಿಗೆ ಹಾಕುವಂತಿಲ್ಲ. ಬಾಟಲಿಯಲ್ಲಿ ತುಂಬಿ, ಬಟ್ಟೆ ಸುತ್ತಿ, ಚೀಲಕ್ಕೆ ತಾಗದಂತೆ ಮೂಲೆಯಲ್ಲಿಡಬೇಕು. ನಲ್ಲಿಯ ಔಷಧಿ ನೀರಂತೂ ಬೇಡವೇ ಬೇಡ.

ಇಷ್ಟೆಲ್ಲ ಮಾಡಿ ತಂದದ್ದನ್ನು ಜನ ಕಿಟಕಿಯ ಬಿಸಿಲಿಗೆ ಇಡುತ್ತಾರೆ ಎಂಬುದೇ ಅವಳ ತಲೆಬಿಸಿ. ಒಬ್ಬರು ಆಮೆಯ ಜೊತೆ ಬಿಟ್ಟರು. ಇನ್ನೊಬ್ಬರು ಮೊಸರನ್ನ ಹಾಕಿದರು. ಭಟ್ಕಳದಲ್ಲಿ ರಜೆಗೆ ಬಂದಿದ್ದ ಒಬ್ಬರು, ವಿಮಾನದ ಕೈಚೀಲದಲ್ಲಿ ದುಬೈಗೆ ಒಯ್ಯಬೇಕು, ಕಟ್ಟಿಕೊಡು ಎಂದರು. “ಇದು ಉಪ್ಪಿನಕಾಯಿ ಭರಣಿ ಅಲ್ಲ ಸಾಹೇಬ್ರೆ ಅಂದೆ. ದೇಶ ದಾಟ್ಸುಕೆ ಎರಡೂ ಬದಿ ಕಾಗದ ಬೇಕು. ಕೆಲವು ದೇಶದಲ್ಲಿ ಮನೇಲಿ ಇಟ್ಕಳೂದೇ ತಪ್ಪಂತೆ. ಅವರಿಗೆ ಸಿಟ್ಟು ಬಂತು. ಬರ್ಲಿ.”

ಕಾಗದದ ಬಿಸಿ ಅವಳಿಗೆ ತಟ್ಟಿದ್ದು ಎರಡು ವರ್ಷಗಳ ಹಿಂದೆ, ೨೦೦೬ರ ಮೇ ತಿಂಗಳಲ್ಲಿ.

ಭಟ್ಕಳದ ಶಿಕ್ಷಕಿ ನೇತ್ರಾ ತಮ್ಮ ಮಗಳು ಧನ್ಯಾಳಿಗೆಂದು ಎರಡು ಆಕ್ಸೊಲಾಟಲ್ ಹೇಳಿದ್ದರು. ಹೊನ್ನಾವರದಲ್ಲಿ ರೈಲಿಳಿದ ಸುಬ್ಬಿ ಅಲ್ಲಿಯ ಗಿರಾಕಿಗೆ ಮೀನು ಕೊಟ್ಟು, ಭಟ್ಕಳದ ಬಸ್ಸು ಹತ್ತಿದಳು. ಹೆದ್ದಾರಿಯ ಒಂದು ಗೇಟಿನಲ್ಲಿ ಅರಣ್ಯ ಇಲಾಖೆಯ ತಪಾಸಣೆ ನಡೆಯುತ್ತಿತ್ತು. ಪೆಟ್ಟಿಗೆ ತೆರೆಸಿದ ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದ.

“ಉಡದ ಮರಿ! ಕಾಡುಪ್ರಾಣಿ ಸಾಗಾಟ! ಇಳಿ ಕೆಳಗೆ!”

“ಉಡಕ್ಕೆ ಕಿವಿರು ಇರ್ತದ ಸಾಹೇಬ್ರೆ?” ಎಂದಳು ಸುಬ್ಬಿ.

ಆತ ಕೇಳಲಿಲ್ಲ. ಫೋಟೊ ಬೇಕೆಂದು ಒಂದು ಚೀಲದ ರಬ್ಬರ್ ಬಿಚ್ಚಿಸಿ, ಬಿಸಿಲಿನಲ್ಲಿದ್ದ ಮೇಜಿನ ಮೇಲೆ ಇಡಿಸಿದ. ಬಸ್ಸು ಹೋಯಿತು. ಕ್ಯಾಮೆರಾದವನು ಬರಲು ಅರ್ಧ ತಾಸು ಹಿಡಿಯಿತು. ಸುಬ್ಬಿ ಅಂಗಲಾಚಿದಳು, ಬೈದಳು, ಕೊನೆಗೆ ತಾನೇ ಮೇಜಿನ ಪಕ್ಕ ನಿಂತು ಸೆರಗಿನ ನೆರಳು ಹಿಡಿದಳು. ಫೋಟೊ ಆದ ಮೇಲಷ್ಟೇ ಚೀಲ ಮತ್ತೆ ಪೆಟ್ಟಿಗೆ ಸೇರಿತು. ಗೇಟಿನಾಚೆ ಮೀನಿನ ಲಾರಿಗೆ ಐಸ್ ಒಡೆಯುತ್ತಿದ್ದ ದುರ್ಗ ಅವಳ ಬಳಚಿನ ಕಾಲದ ಪರಿಚಯದವ. ಗೋಣಿಚೀಲ ಒದ್ದೆ ಮಾಡಿ ತಂದ, ತಾಸಿಗೊಮ್ಮೆ ಬಾಟಲಿಗೆ ಐಸ್ ತುಂಬಿಕೊಟ್ಟ.

ಅದು ಯಾವ ಪ್ರಾಣಿಯೆಂದು ತಿಳಿದವರು ಬರೆದುಕೊಡಲಿ ಎಂದ ಅಧಿಕಾರಿ. ಸುಬ್ಬಿ ಎಸ್‌ಟಿಡಿ ಬೂತಿಗೆ ಓಡಿದಳು. ಹೊನ್ನಾವರದಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಯೋಗೇಶ ಮೇಷ್ಟ್ರು ಫೋನಿಗೆ ಸಿಕ್ಕಿದ್ದು ಮಧ್ಯಾಹ್ನ, ಮಾವಳ್ಳಿಯಲ್ಲಿ ಮದುವೆಯೂಟಕ್ಕೆ ಕೂತಲ್ಲಿ. ಅವರು ತಲೆಯ ಮೇಲಿನ ಅಕ್ಷತೆಕಾಳು ಸಹಿತ ಬಂದು ಮುಟ್ಟುವಾಗ ಮೂರು ಗಂಟೆ. ಬೆಳಗಿನ ಎಂಟಕ್ಕೆ ಶುರುವಾದದ್ದು.

ಮೇಷ್ಟ್ರು ನೋಡಿ, ಬರೆದು, ಸಹಿ ಹಾಕಿದರು. ಅಧಿಕಾರಿ ತನ್ನ ಕಾಡುಪ್ರಾಣಿಗಳ ಪಟ್ಟಿ ತಿರುವಿ, “ಈ ಹೆಸರೇ ಇಲ್ಲವಲ್ಲ,” ಎಂದ.

“ಇಲ್ಲ ಅಂದ್ರೆ ಒಯ್ಯಬಹುದಾ, ಒಯ್ಯಬಾರದಾ?” ಸುಬ್ಬಿ ಕೇಳಿದಳು.

ಅವನು ಪಟ್ಟಿಯನ್ನು ಇನ್ನೊಮ್ಮೆ ತಿರುವಿದ. ಕೊನೆಗೆ ‘ಒಂದು ಜಾತಿಯ ಮೀನು’ ಎಂದು ಬರೆದುಕೊಂಡು ಬಿಟ್ಟುಕೊಟ್ಟ. ಅಷ್ಟರಲ್ಲಿ ಬಿಸಿಲಿಗಿಟ್ಟಿದ್ದ ಚೀಲದ ಜೀವ ಹೋಗಿತ್ತು.

ಬದುಕಿದ್ದನ್ನು ಸುಬ್ಬಿ ಅಂದೇ ಭಟ್ಕಳಕ್ಕೆ ಮುಟ್ಟಿಸಿದಳು. ಇನ್ನೊಂದು ಎಲ್ಲಿ ಎಂದು ಧನ್ಯಾ ಕೇಳಿದಾಗ ಸುಳ್ಳು ಹೇಳಲಿಲ್ಲ. ಸತ್ತದ್ದನ್ನು ಬಾಳೆಲೆಯಲ್ಲಿ ಸುತ್ತಿ ಶಿರಾಲಿಗೆ ಒಯ್ದು ಅಂಗಡಿಯ ಗಾಜಿನ ಮೇಲಿಟ್ಟಳು. “ಹೋಗ್ಲಿ ಬಿಡು, ಇನ್ನೊಂದು ತಂದ್ರಾತು,” ಎಂದ ವೆಂಕಟ್ರಮಣ.

“ಮಾರ್ಚ್ ಅರ್ಧ ಕಳೆದ್ರೆ ಮಳೆ ಹಿಡಿಯೂವರೆಗೆ ಇದ್ನ ನಾನು ತರೂದಿಲ್ಲ,” ಎಂದಳು ಸುಬ್ಬಿ. ಮಾತು ಬೆಳೆಯಿತು. ಮರುವರ್ಷದ ಏಪ್ರಿಲ್‌ನಲ್ಲಿ ವೆಂಕಟ್ರಮಣ ಬೇರೊಬ್ಬನನ್ನು ಕಳಿಸಿದ. ಅವನು ತಂದ ನಾಲ್ಕರಲ್ಲಿ ಒಂದೂ ಉಳಿಯಲಿಲ್ಲ. ಆಮೇಲೆ ಅಂಗಡಿಯ ಗೋಡೆಗೆ ಒಂದು ಬೋರ್ಡು ಬಂತು: ‘ಬೇಸಿಗೆಯಲ್ಲಿ ಆಕ್ಸೊಲಾಟಲ್ ಸಿಗುವುದಿಲ್ಲ. ಚರ್ಚೆ ಬೇಡ.’ ವೆಂಕಟ್ರಮಣ ಈಗ ಅದನ್ನು ತನ್ನದೇ ನಿಯಮ ಎನ್ನುತ್ತಾನೆ. ಸುಬ್ಬಿ ತಿದ್ದುವುದಿಲ್ಲ. “ಯಾರದ್ದಾದ್ರೆ ಎಂತ. ಪಾಲಿಸ್ಲಿ, ಸಾಕು.”

ಈ ಏಳು ವರ್ಷಗಳಲ್ಲಿ, ಇವತ್ತಿನದ್ದು ಬಿಟ್ಟು, ಅವಳ ಕೈಯಲ್ಲಿ ಬಂದ ಆಕ್ಸೊಲಾಟಲ್ ಅರವತ್ತೊಂದು. ದಾರಿಯಲ್ಲಿ ಸತ್ತದ್ದು ನಾಲ್ಕು. ನಾಲ್ಕೂ ಯಾವ ಸ್ಟೇಷನ್ನಿನ ಹತ್ತಿರ, ಯಾವ ತಿಂಗಳು ಎಂದು ಕೇಳಿದರೆ ಹೇಳುತ್ತಾಳೆ.

ಹಾಗಾದರೆ ಈ ಕೆಲಸವೇ ಏಕೆ? “ನಾನು ಬಿಟ್ರೆ ಬೇರೆಯವ ತರ್ತ. ಅವ ಇಂಜಿನ್ ಮೇಲೆ ಇಟ್ಕಂಡು ತರ್ತ,” ಎನ್ನುತ್ತಾಳೆ. ಆಸೆ ಏನಾದರೂ? ಸುಬ್ಬಿ ಪೆಟ್ಟಿಗೆಯ ಮುಚ್ಚಳ ಸರಿಪಡಿಸುತ್ತಾಳೆ. “ಜನ ಇದ್ನ ಕೇಳೂದೇ ಬಿಡ್ಲಿ. ನಾನು ಮತ್ತೆ ಬಳಚು ಹೆಕ್ಕುಕೆ ಹೋತೆ.”

ಇವತ್ತಿನ ಗಿರಾಕಿ ಕುಮಟೆಯ ಪೇಟೆಯವರು. ಮನೆಯ ನಡುಕೋಣೆಯಲ್ಲಿ ತೊಟ್ಟಿ ಸಿದ್ಧವಿದೆ, ಬಿಸಿಲು ಬೀಳದ ಗೋಡೆಯ ಬದಿಗೆ. ಹೋದ ವಾರ ಸುಬ್ಬಿಯೇ ಬಂದು ಜಾಗ ಬದಲಾಯಿಸಿ ಹೋಗಿದ್ದಳು. ಚೀಲವನ್ನು ಹಾಗೆಯೇ ತೊಟ್ಟಿಯಲ್ಲಿ ತೇಲಿಬಿಟ್ಟು, ಅರ್ಧ ತಾಸಿನ ಮೇಲೆ ಬಾಯಿ ಬಿಚ್ಚಿ, ತೊಟ್ಟಿಯ ನೀರನ್ನು ಲೋಟದಿಂದ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾಳೆ. ಮನೆಯ ಯಜಮಾನ ನರೇಶ ಮೂರು ಸಲ ಗಡಿಯಾರ ನೋಡುತ್ತಾರೆ.

“ಸೀದಾ ಸುರಿದ್ರೆ ಆಗೂದಿಲ್ವಾ?”

“ಆಗೂದಿಲ್ಲ.”

“ಎಷ್ಟು ವರ್ಷ ಬದುಕ್ತದೆ ಇದು?”

“ಹತ್ತು ವರ್ಷ. ನೀವು ಸುಮ್ನೆ ಬಿಟ್ರೆ.”

ಕೊನೆಗೆ ಅವಳು ಚೀಲ ಓರೆ ಮಾಡುತ್ತಾಳೆ. ನಸುಗೆಂಪು ಜೀವ ಜಾರಿ ತಳ ಮುಟ್ಟಿ, ಗಳಿಗೆ ಹೊತ್ತು ಕಲ್ಲಿನಂತೆ ಕೂತು, ಆಮೇಲೆ ಒಂದೊಂದೇ ಕಾಲು ಎತ್ತಿಟ್ಟು ಗಾಜಿನ ಆ ತುದಿಗೆ ಹೊರಡುತ್ತದೆ. ಸುಬ್ಬಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ.

“ಅರವತ್ತೆರಡು,” ಎನ್ನುತ್ತಾಳೆ. “ನಡೀತಾ ಇದೆ, ನೋಡಿ.”