ಸವಣೂರಿನ ಎರಡು ಡಿಸ್ಕು, ಒಬ್ಬ ಸುಶೀಲವ್ವ

ಸವಣೂರಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ಹಂಚಿನ ಮನೆಯ ಬೀಗ ತೆಗೆದು ಸುಶೀಲವ್ವ ಒಳಗೆ ಬರುತ್ತಾರೆ. ಮೊದಲು ನೆಲ ಒರೆಸುತ್ತಾರೆ, ಧೂಳು ಅವರ ಯಂತ್ರಕ್ಕೆ ಆಗಿಬರುವುದಿಲ್ಲ. ಆಮೇಲೆ ಸ್ಟೆಬಿಲೈಜರಿನ ಮುಳ್ಳು ನೋಡಿ ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. ಡಿಸ್ಕುಗಳು ತಿರುಗುವ ಸದ್ದಿಗೆ ಕಿವಿಗೊಟ್ಟು ನಿಲ್ಲುತ್ತಾರೆ.

“ಈ ಹೊತ್ತಿನ್ಯಾಗ ಕರೆಂಟ್ ಗಟ್ಟಿ ಇರ್ತೈತ್ರಿ. ಹಿಟ್ಟಿನ ಗಿರಣಿ ಚಾಲೂ ಆದ್ವು ಅಂದ್ರ ಮುಳ್ಳು ಕುಣಿಯಾಕ ಹತ್ತತೈತಿ. ಅದಕ್ಕ ಲಗೂನ ಬರ್ತೇನಿ,” ಎನ್ನುತ್ತಾರೆ.

ಇದು ಕುಷ್ಠರೋಗಿಗಳಿಗೆ ಔಷಧ ಮುಟ್ಟಿಸುವ ಒಂದು ಸಣ್ಣ ಸೇವಾಸಂಸ್ಥೆಯ ಕಚೇರಿ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಯಾರು ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ, ಯಾರ ಚಿಕಿತ್ಸೆ ಎಲ್ಲಿಯವರೆಗೆ ಬಂದಿದೆ ಎಂಬುದೆಲ್ಲ ಈ ಯಂತ್ರದಲ್ಲಿದೆ. ಹಿಂದೆ ಹೆಸರುಗಳು ಕಾಗದದ ಮೇಲಿದ್ದವು. ಒಂದೂರಿನಲ್ಲಿ ಆ ಕಾಗದ ಯಾರದೋ ಕಣ್ಣಿಗೆ ಬಿದ್ದು, ಒಬ್ಬ ಸೊಸೆಯನ್ನು ಅತ್ತೆಮನೆಯವರು ಅವತ್ತೇ ತವರಿಗೆ ಅಟ್ಟಿದರು. ಅಂದಿನಿಂದ ಕಾಗದದಲ್ಲಿ ಬರೀ ನಂಬರು, ಹೆಸರು ಯಂತ್ರದೊಳಗೆ. ಯಂತ್ರ ಹೊರದೇಶದ ದಾನಿಗಳು ಕೊಟ್ಟದ್ದು.

ಸುಶೀಲವ್ವ ಹುಟ್ಟಿದ್ದು ಶಿಗ್ಗಾಂವಿ ತಾಲೂಕಿನ ತಡಸದಲ್ಲಿ, ಕೂಲಿ ಮಾಡುವವರ ಮನೆಯಲ್ಲಿ. ಹರೆಯಕ್ಕೆ ಬರುವ ಹೊತ್ತಿಗೆ ಬೆನ್ನ ಮೇಲೆ ಮಚ್ಚೆ ಕಾಣಿಸಿತು. ರೋಗ ವಾಸಿಯಾದರೂ ಬಲಗೈಯ ಎರಡು ಬೆರಳಿಗೆ ಸ್ಪರ್ಶ ಮರಳಲಿಲ್ಲ. ಸಂಸ್ಥೆಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದರು, ಟೈಪಿಂಗ್ ಕಲಿತರು. ಯಂತ್ರ ಕೂಡಿಸಲು ಬಂದ ಎಂಜಿನಿಯರ್ ಡಬ್ಬಿ ಬಿಚ್ಚಿ ತೋರಿಸುವಾಗ ಉಳಿದವರು ಶಾಕ್ ಹೊಡೆದೀತೆಂದು ದೂರ ನಿಂತರೆ, ಇವರು ಪಕ್ಕದಲ್ಲೇ ಕೂತು ನೋಡಿದರು.

“ಪಿನ್ನು ಕೈಗೆ ಗೊತ್ತಾಗೂದಿಲ್ರಿ, ಕಣ್ಣೀಲೆ ನೋಡಿ ನೋಡಿ ಕೂಡಸ್ತೇನಿ. ಬೆಸಿಗಿ ಹಾಕೂ ಮುಂದ ಬೆರಳು ಸುಟ್ರ, ವಾಸನಿ ಬಂದ ಮ್ಯಾಲ ತಿಳೀತೈತಿ,” ಎಂದು ಕೈ ಮುಂದೆ ಚಾಚುತ್ತಾರೆ.

ಕಳೆದ ವರ್ಷ, ಎಂಬತ್ತೆಂಟರ ಮಳೆಗಾಲದಲ್ಲಿ, ಕಚೇರಿ ಶಿಗ್ಗಾಂವಿಯಿಂದ ಇಲ್ಲಿಗೆ ಬಂತು. ಕಂಪ್ಯೂಟರ್ ಜೀಪಿನಲ್ಲಿ ಕುಲುಕಾಡುತ್ತ ಬಂತು. ಸಾಗಣೆಗೆಂದು ಬಿಚ್ಚಿದ್ದ ಡಿಸ್ಕುಗಳನ್ನು ಗುಮಾಸ್ತ ನೀಲಪ್ಪ ಮತ್ತೆ ಒಳಗೆ ಕೂಡಿಸಿ ಗುಂಡಿ ಒತ್ತಿದರೆ, ಪಾರ್ಟಿಶನ್, ಅಂದರೆ ಡಿಸ್ಕಿನ ಪಾಲು, ಒಂದೂ ಗುರುತು ಹತ್ತುತ್ತಿಲ್ಲವೆಂದು ಪರದೆ ಹೇಳಿತು. ಎರಡು ಡಿಸ್ಕುಗಳನ್ನು ಒಂದೇ ಎಂಬಂತೆ ಜೋಡಿಸಿ ತಾಲೂಕಿಗೊಂದರಂತೆ ನಾಲ್ಕು ಪಾಲು ಮಾಡಿಟ್ಟಿದ್ದ ಜಾಗ ಬರಿದಾಗಿ ಕಂಡಿತು. ಹೊಸದಾಗಿ ಪಾಲು ಮಾಡಲೇ ಎಂದು ಯಂತ್ರವೇ ಕೇಳಿತು. ನೀಲಪ್ಪನ ಬೆರಳು ‘ಹೌದು’ ಒತ್ತಲು ಹೋಯಿತು. ಸುಶೀಲವ್ವ ಅವನ ಮುಂಗೈ ಹಿಡಿದರು.

“ಒತ್ತಬ್ಯಾಡೋ ನೀಲಪ್ಪ. ಕಾಣವಲ್ದು ಅಂದ್ರ ಇಲ್ಲ ಅಂತಲ್ಲ.”

“ಮತ್ತೇನ್ ಮಾಡೂದಕ್ಕಾ? ಫ್ಲಾಪಿ ಒಳಗ ನಕಲ ಐತೆಲ್ಲ?”

ನಕಲು ಇತ್ತು. ತೆಗೆದು ನೋಡಿದರೆ ಫ್ಲಾಪಿಗಳಿಗೆ ಮಳೆಗಾಲದ ಬೂಷ್ಟು ಹಿಡಿದಿತ್ತು.

ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಶೇಖಸಾಬರಿಗೆ ಟ್ರಂಕ್ ಕಾಲ್ ಹೋಯಿತು. “ಎರಡು ಡಿಸ್ಕ್ ಕೂಡಿಸಿ ಒಂದು ಮಾಡಿದ್ದು ನಾನೂ ಬಿಚ್ಚಿಲ್ಲಕ್ಕಾ. ಬಂದು ನೋಡ್ತೇನಿ. ಅಲ್ಲೀತನಾ ಅದರ ಮ್ಯಾಲ ಏನೂ ಬರೀಬ್ಯಾಡ್ರಿ, ಬರೇ ಓದ್ರಿ,” ಎಂದರು ಅವರು. ಬಸ್ಸಿನಲ್ಲಿ ಬಂದೂ ಬಂದರು.

ತೊಡಕು ಏನಿತ್ತೆಂಬುದನ್ನು ಸುಶೀಲವ್ವ ಮಾಲೆ ಕಟ್ಟುವ ಲೆಕ್ಕದಲ್ಲಿ ವಿವರಿಸುತ್ತಾರೆ. “ಒಂದು ಬುಟ್ಟ್ಯಾಗ ಮಲ್ಲಿಗಿ, ಇನ್ನೊಂದ್ರಾಗ ಅಬ್ಬಲಿಗಿ ಅಂತ ತಿಳೀರಿ. ಈ ಬುಟ್ಟೀವು ಒಂದಿಷ್ಟು ಹೂವು, ಆ ಬುಟ್ಟೀವು ಒಂದಿಷ್ಟು ಹೂವು ಕಟ್ಕೋಂತ ಹೋದ್ರ ಮಾಲಿ. ಯಾವ ಬುಟ್ಟಿ ಮೊದಲು, ಒಂದು ಸಲಕ್ಕ ಎಷ್ಟು ಹೂವು, ಇವೆರಡೂ ಮರತ್ರ ಮಾಲಿ ಎಲ್ಲಿಂದ ಬರಬೇಕ್ರಿ?”

ಯಂತ್ರದೊಳಗಿನ ಸಣ್ಣ ಬ್ಯಾಟರಿ ಸತ್ತಿತ್ತು, ಹಾಗಾಗಿ ತನ್ನಲ್ಲಿ ಎಂಥ ಡಿಸ್ಕುಗಳಿವೆ ಎಂಬುದನ್ನೇ ಅದು ಮರೆತಿತ್ತು. ಶೇಖಸಾಬರು ಬ್ಯಾಟರಿ ಬದಲಿಸಿದರು. ಆದರೂ ಪಾಲುಗಳು ಕಾಣಲಿಲ್ಲ. ಸುಶೀಲವ್ವ ಟಾರ್ಚು ಹಿಡಿದು ಒಳಗೆ ಬಗ್ಗಿ ನೋಡಿದರು. ಮೊದಲನೆಯದಾಗಬೇಕಿದ್ದ ಡಿಸ್ಕು ಎರಡನೆಯದರ ಜಾಗದಲ್ಲಿತ್ತು. ಕೇಬಲ್ಲು ಅದಲುಬದಲು ಮಾಡಿದ ಮೇಲೆ ನಾಲ್ಕೂ ಪಾಲುಗಳ ಗುರುತು ಮೂಡಿತು, ಆದರೆ ಒಂದೂ ತೆರೆಯಲಿಲ್ಲ. ಯಂತ್ರವನ್ನು ಎಬ್ಬಿಸುವ ಹಳೆಯ ಫ್ಲಾಪಿಗೂ ಬೂಷ್ಟು ಹಿಡಿದಿದ್ದರಿಂದ ಹೊಸದನ್ನು ಹಾಕಿದ್ದರು. ಒಂದು ಸಲಕ್ಕೆ ಎಷ್ಟು ತುಣುಕು ಓದಬೇಕೆಂಬ ಅಳತೆ ಅದರಲ್ಲಿ ಬೇರೆಯೇ ಇತ್ತು. ಶೇಖಸಾಬರು ಅಳತೆ ಏರಿಸುತ್ತ ಹೋದರು. ಪ್ರತಿ ಸಲವೂ ಸುಶೀಲವ್ವ ಪರದೆ ನೋಡಿ ಇಲ್ಲವೆಂದು ತಲೆಯಾಡಿಸಿದರು. ಮಧ್ಯಾಹ್ನದ ಹೊತ್ತಿಗೆ ಹಾನಗಲ್ಲ ತೆರೆಯಿತು. ಹಿಂದೆಯೇ ಶಿಗ್ಗಾಂವಿ, ಸವಣೂರು ಬಂದವು.

ಹಿರೇಕೆರೂರು ಬರಲಿಲ್ಲ. ಎರಡನೆಯ ಡಿಸ್ಕು ಕರಕರ ಸದ್ದು ಮಾಡತೊಡಗಿತು. ಜೀಪಿನ ಕುಲುಕಾಟಕ್ಕೆ, ಆ ಪಾಲು ಇದ್ದ ಕಡೆಯಲ್ಲಿ, ಅದರ ಮೈ ತರಚಿತ್ತು. ಇನ್ನೊಮ್ಮೆ ನೋಡೋಣವೆಂದು ನೀಲಪ್ಪ ಗೋಗರೆದ. “ಬ್ಯಾಡ. ಇನ್ನ ತಿರುಗಿಸಿದ್ರ ಉಳದದ್ದೂ ಹೊಕ್ಕೈತಿ,” ಎಂದು ಸುಶೀಲವ್ವ ಮೂರು ಪಾಲುಗಳನ್ನು ಹೊಸ ಫ್ಲಾಪಿಗಳಿಗೆ ಇಳಿಸಿ ಯಂತ್ರ ಆರಿಸಿದರು.

ಹೋದ ಪಾಲಿನಲ್ಲಿದ್ದವರಿಗೆ ಗುಳಿಗೆ ನಿಂತರೆ ರೋಗ ಮರುಕಳಿಸಬಹುದಿತ್ತು. ಮೊದಲಿನಿಂದ ಶುರು ಮಾಡಿದರೆ ಅವರು ನುಂಗಿದ್ದೆಲ್ಲ ನೀರುಪಾಲು. ಹಾಗಾಗಿ ಸುಶೀಲವ್ವ ಹಿರೇಕೆರೂರಿನ ಬಸ್ ಹತ್ತಿದರು. ಗುಳಿಗೆ ಹಂಚುವವರು ಊರು, ಓಣಿ ಹೇಳಬಲ್ಲವರಾಗಿದ್ದರು. ಚಿಕಿತ್ಸೆ ಎಲ್ಲಿಗೆ ಬಂತೆಂದು ಹೇಳಬೇಕಾದವರು ರೋಗಿಗಳೇ. ಹೊಸಬರ ಮುಂದೆ ಅವರು ಬಾಯಿ ಬಿಡುತ್ತಿರಲಿಲ್ಲ. ಇವರು ಮಾತಿಗೆ ಮೊದಲು ತಮ್ಮ ಬಲಗೈ ತೋರಿಸುತ್ತಿದ್ದರು.

ಚಿಕ್ಕೇರೂರಿನಲ್ಲಿ ಒಬ್ಬ ಹೆಂಗಸು ಆ ಕೈಯನ್ನು ಬಹಳ ಹೊತ್ತು ನೋಡಿದಳು.

“ನಿನಗೂ ಬಂದಿತ್ತೇನವ್ವಾ?”

“ಬಂದಿತ್ತವ್ವಾ, ಹೋತು.”

ಅವಳು ಒಳಗೆ ಹೋಗಿ ಜೋಳದ ಗಡಿಗೆಯಲ್ಲಿ ಕೈಯಾಡಿಸಿ, ಗುಳಿಗೆಯ ಖಾಲಿ ಪಾಕೀಟುಗಳನ್ನು ತಂದು ಸುಶೀಲವ್ವನ ಉಡಿಗೆ ಸುರಿದಳು. ಹೊರಗೆ ಒಗೆದರೆ ನೆರೆಯವರಿಗೆ ಗೊತ್ತಾದೀತೆಂದು ಎಲ್ಲವನ್ನೂ ಬಚ್ಚಿಟ್ಟಿದ್ದಳು. ಇಬ್ಬರೂ ನೆಲದ ಮೇಲೆ ಕೂತು ಅವನ್ನು ಹೊಂದಿಸಿದರು. ಅವಳ ಚಿಕಿತ್ಸೆ ಮುಗಿಯಲು ಒಂದೇ ಪಾಕೀಟು ಬಾಕಿಯಿತ್ತು.

ಎಲ್ಲರೂ ಸಿಗಲಿಲ್ಲ. ಕೆಲವರು ದುಡಿಯಲು ದೂರ ಹೋಗಿದ್ದರು, ಎರಡು ಮನೆಗಳಲ್ಲಿ ಬಾಗಿಲು ತೆರೆಯಲಿಲ್ಲ. ಆ ಬಾಗಿಲುಗಳಿಗೆ ಸುಶೀಲವ್ವ ಈಗಲೂ ಹೋಗುತ್ತಿರುತ್ತಾರೆ.

ಲೇಖನದಲ್ಲಿ ಹೆಸರು ಹಾಕಬಹುದೇ ಎಂದು ಕೇಳಿದರೆ, “ನಂದು ಹಾಕ್ರಿ. ಗುಳಿಗಿ ತೊಗೊಂಡ ಉಳದವರದು ಬ್ಯಾಡ,” ಎನ್ನುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ ಕಂಪ್ಯೂಟರಿನ ಮೇಲೆ ಕೈಯಿಡುತ್ತಾರೆ.

“ಹೊಸಾ ಹೆಸರು ಬರೂದು ನಿಲ್ಲಬೇಕ್ರಿ. ನಿಂತ ದಿನ ಈ ಡಬ್ಬಿ ನಾನ ಬಿಚ್ಚಿ, ಒರಸಿ, ಕಟ್ಟಿ ಇಡ್ತೇನಿ. ಬ್ಯಾರೆದವರನ್ನ ಕರಸೂದು ಬೇಕಾಗೂದಿಲ್ಲ.”